ವಾಗ್ದಾನದ ಕಾರ್ಡು ಮತ್ತು ಕೇಡಗಾಂವದ ತೋಟ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಸರ್ವಿಸು ಮುಗಿಯುತ್ತಲೇ ನಮ್ಮ ಸಭೆಗಳಲ್ಲಿ ಒಂದು ತಟ್ಟೆ ತಿರುಗುತ್ತದೆ. ಕಾಣಿಕೆ ತಟ್ಟೆ ಅಲ್ಲ, ವಾಗ್ದಾನದ ತಟ್ಟೆ. ಸತ್ಯವೇದದ ವಚನ ಅಚ್ಚಾದ ಸಣ್ಣ ಸಣ್ಣ ಕಾರ್ಡುಗಳನ್ನು ಅದರಲ್ಲಿ ಮಗುಚಿ ಇಟ್ಟಿರುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಬಂದ ವಚನವೇ ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಮಕ್ಕಳಿಗೆ ಇದು ಲಾಟರಿಯಷ್ಟೇ ಖುಷಿ. ದೊಡ್ಡವರಿಗೂ ಒಳಗೊಳಗೆ ಹಾಗೆಯೇ ಅನ್ನಿ. ಕ್ರೈಸ್ತರಲ್ಲದ ಓದುಗರಿಗೆ ಅರ್ಥವಾಗಲೆಂದು ಹೇಳುವುದಾದರೆ, ಯುಗಾದಿಗೆ ಪಂಚಾಂಗ ಕೇಳಿದ ಹಾಗೆ. ಪಂಚಾಂಗದಲ್ಲಾದರೂ ಈ ವರ್ಷ ಮಳೆ ಕಡಿಮೆ, ಧಾನ್ಯದ ಬೆಲೆ ಏರುತ್ತದೆ, ಅರಸರಲ್ಲಿ ಕಲಹ ಅಂತೆಲ್ಲ ಕೆಟ್ಟ ಸುದ್ದಿಯೂ ಇರುತ್ತದೆ. ನಮ್ಮ ತಟ್ಟೆಯಲ್ಲಿ ಕೆಟ್ಟ ಸುದ್ದಿ ಇರುವುದೇ ಇಲ್ಲ! ಯೋಬನು ತಾನು ಹುಟ್ಟಿದ ದಿನವನ್ನೇ ಶಪಿಸುವ 3ನೇ ಅಧ್ಯಾಯದ ಕಾರ್ಡು ಯಾರಿಗಾದರೂ ಬಂದದ್ದನ್ನು ನಾನಂತೂ ಕಂಡಿಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ 88ನೇ ಕೀರ್ತನೆಯನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸುವ ಧೈರ್ಯ ಯಾರಿಗೂ ಇದ್ದಂತಿಲ್ಲ.

ಎಲ್ಲರೂ ಆಶೆಪಡುವ ಕಾರ್ಡು ಮಾತ್ರ ಒಂದೇ, ಯೆರೆಮೀಯ 29:11. ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿನದಲ್ಲ, ಹಿತದ್ದು, ನಿಮಗೆ ಮುಂದೊಂದು ಗತಿ ಇದೆ ಅಂತ ದೇವರು ಹೇಳುವ ಮಾತು ಅದು. ಈ ವಚನ ಫ್ರಿಜ್ಜಿನ ಬಾಗಿಲ ಮೇಲಿದೆ, ರಿಕ್ಷಾದ ಹಿಂದಿನ ಗಾಜಿನ ಮೇಲಿದೆ, ಮದುವೆ ಕಾರ್ಡಿನಲ್ಲಿದೆ, ಹತ್ತನೇ ಕ್ಲಾಸಿನ ಮಕ್ಕಳ ಹಾಲ್‌ಟಿಕೆಟ್ಟಿನ ಹಿಂಬದಿಯಲ್ಲೂ ಪೆನ್ಸಿಲ್ಲಿನಲ್ಲಿ ಬರೆದಿರುತ್ತದೆ. ತಪ್ಪೇನಿಲ್ಲ. ನನ್ನ ತಕರಾರು ಇರುವುದು ಅದರ ಹಿಂದಿನ ವಚನವನ್ನು, ಅಂದರೆ 10ನೆಯದನ್ನು, ಯಾರೂ ಓದುವುದಿಲ್ಲ ಎನ್ನುವುದರ ಮೇಲೆ. ಅಲ್ಲಿ ಒಂದು ಲೆಕ್ಕವಿದೆ. 70 ವರ್ಷ.

ಈ ಮಾತು ಯಾರಿಗೆ ಬರೆದದ್ದು ಅಂತ ಸ್ವಲ್ಪ ನೋಡಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಅಲ್ಲಿನ ರಾಜನನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಕುಶಲಕರ್ಮಿಗಳನ್ನು ಹಿಡಿದು ಸಾಗಿಸಿದ. ಯೆರೆಮೀಯ ಊರಲ್ಲೇ ಉಳಿದ. ಹಾಗೆ ಸಾಗಿಸಲ್ಪಟ್ಟವರಿಗೆ ಅವನು ಬರೆದು ಕಳಿಸಿದ ಕಾಗದವೇ ಈ 29ನೇ ಅಧ್ಯಾಯ. ಅದೇ ಹೊತ್ತಿಗೆ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ನಿಂತು, ಎಲ್ಲರೆದುರು, ಇನ್ನು ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಅಂತ ಸಾರಿದ್ದ. ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಕಿತ್ತು ಮುರಿದೂ ಹಾಕಿದ. ಜನರಿಗೆ ಯಾರ ಮಾತು ಹಿಡಿಸಿರಬಹುದು, ನೀವೇ ಹೇಳಿ. ಎರಡು ವರ್ಷವಾದರೆ ಸಾಮಾನು ಬಿಚ್ಚುವುದೇ ಬೇಡ. ಯೆರೆಮೀಯನ ಕಾಗದದಲ್ಲಿ ಇದ್ದದ್ದು ಬೇರೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಏಕೆಂದರೆ ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ. ಕಾಗದ ಓದಿದ ನಡುವಯಸ್ಸಿನವರಿಗೆಲ್ಲ ಗೊತ್ತಾಗಿರಬೇಕು, ತಾವು ಮತ್ತೆ ಊರು ನೋಡುವುದಿಲ್ಲ ಅಂತ. ಅಂಥವರಿಗೆ ಹೇಳಿದ್ದು ನಮ್ಮ ಆ 11ನೇ ವಚನ.

ಬಾಬೆಲಿನವರನ್ನೂ ನಮ್ಮನ್ನೂ ಹೋಲಿಸುವುದು ಪೂರ್ತಿ ಸರಿಯಲ್ಲ ಬಿಡಿ. ಅವರನ್ನು ಎಳೆದು ತಂದರು, ನಾವು ಟಿಕೆಟ್ ತೆಗೆಸಿ ಬಂದೆವು. ಆದರೂ ಬೀದರ್, ಕಲಬುರಗಿ, ಗದಗ, ಹುಬ್ಬಳ್ಳಿಗಳಿಂದ ಬಂದು ಕೊಂಢವಾದ ಒಂದು ಬೆಡ್‌ರೂಮಿನ ಮನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರಿಗೆ ಈ "ಇನ್ನು ಎರಡು ವರ್ಷ, ಆಮೇಲೆ ಊರಿಗೆ" ಎಂಬ ಮಾತು ಚೆನ್ನಾಗಿ ಗೊತ್ತು. ಖಡಿ ಮಷೀನ್ ಚೌಕದ ಆಚೆ ಬರೀ ಕಲ್ಲುಗಣಿ, ಗುಡ್ಡ ಇದ್ದ ಕಾಲದಿಂದ ನಾವು ಅದನ್ನೇ ಹೇಳುತ್ತಿದ್ದೇವೆ. ಈಗ ಅಲ್ಲೆಲ್ಲ ಹನ್ನೆರಡು ಮಹಡಿ ಎದ್ದಿವೆ, ನಾವು ಇನ್ನೂ ಅದನ್ನೇ ಹೇಳುತ್ತಿದ್ದೇವೆ.

ವಿಷಯಕ್ಕೆ ಬರುತ್ತೇನೆ. ಕಾರ್ಡು ಎತ್ತುವ ಸಂಭ್ರಮ ಏನೋ ನಿರುಪದ್ರವಿ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕಷ್ಟದ ಕಾಲ ಬಂದಾಗ ಅದೇ ಕಾರ್ಡು ಮನುಷ್ಯನಿಗೆ ತಿರುಗಿ ಬಡಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಹಳೇ ಪೇಠೆಗಳ ಜೊತೆಗೆ ನಮ್ಮ ಕೊಂಢವಾವನ್ನೂ ಪೊಲೀಸರು ಸೀಲ್ ಮಾಡಿದರು. ಭಾನುವಾರದ ಕನ್ನಡ ಆರಾಧನೆ ಮೊಬೈಲಿನೊಳಗೆ ಸೇರಿತು. ಮರುವರ್ಷದ ಎರಡನೇ ಅಲೆಯಲ್ಲಿ ನಮ್ಮವರ ಮನೆಗಳಲ್ಲೂ ಸಾವುಗಳಾದವು. ಊರಿಂದ ಯಾರೂ ಬರುವಂತಿಲ್ಲ, ಮುಖ ನೋಡುವಂತಿಲ್ಲ, ಸಮಾಧಿಯ ಹತ್ತಿರ ನಾಲ್ಕು ಜನ. ಆ ದಿನಗಳಲ್ಲಿ ಗಂಡನನ್ನು ಕಳಕೊಂಡ ನಮ್ಮ ಕಡೆಯ ಒಬ್ಬ ಅಕ್ಕನಿಗೆ, ಹೊರಗಿನಿಂದ ಫೋನಿನಲ್ಲಿ ಪ್ರಾರ್ಥನೆ ಮಾಡಲು ಬಂದ ಪ್ರಸಂಗಿಯೊಬ್ಬರು, "ಮನೆಯಲ್ಲಿ ನಂಬಿಕೆ ಕಮ್ಮಿ ಆಗಿತ್ತೇನೋ, ಪರೀಕ್ಷೆ ಮಾಡ್ಕೊಳ್ಳಿರಿ ತಂಗಿ" ಅಂದರಂತೆ. ಆಕೆ ಆ ವರ್ಷ ಎತ್ತಿದ್ದ ಕಾರ್ಡಿನಲ್ಲಿ ದೀರ್ಘಾಯುಷ್ಯದ ವಚನವಿತ್ತು. ದೇವರು ಸುಳ್ಳು ಹೇಳುವುದಿಲ್ಲ, ಅಂದಮೇಲೆ ತಪ್ಪು ತನ್ನದೇ ಇರಬೇಕು ಅಂತ ಆಕೆ ಲೆಕ್ಕ ಹಾಕಿಕೊಂಡಳು. ಯೋಬನ ಸ್ನೇಹಿತರು ಮಾಡಿದ್ದೂ ಇದೇ ಲೆಕ್ಕ. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಬಾಯಿಗೆ ಬಂದಂತೆ ದೇವರನ್ನೇ ಕೇಳಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ವಹಿಸಿದ ಆ ಸ್ನೇಹಿತರ ಮೇಲೆ. ನಮ್ಮ ಪ್ರಸಂಗಿಗಳು ಈ ಕೊನೆಯ ಅಧ್ಯಾಯವನ್ನು, ಯೋಬನಿಗೆ ಎರಡರಷ್ಟು ಆಸ್ತಿ ಸಿಕ್ಕಿತು ಎಂಬುದಕ್ಕಷ್ಟೇ ಬಳಸುತ್ತಾರೆ.

ಇಲ್ಲಿ ಒಂದು ಶಬ್ದದ ವಿಚಾರ ಹೇಳಬೇಕು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಕೊನೆಗೆ ಉಳಿಯುವಂಥವು ಅಂತ ಮೂರನ್ನು ಎಣಿಸುತ್ತಾನಲ್ಲ, ಅದು ನಮ್ಮ ಕನ್ನಡ ಸತ್ಯವೇದದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ. ಮರಾಠಿಯಲ್ಲಿ ನಡುವಿನದು ಆಶಾ. ನಾವು ಆಶೆ ಅನ್ನಲಿಲ್ಲ, ಭರವಸೆ ಅನ್ನಲಿಲ್ಲ, ನಿರೀಕ್ಷೆ ಅಂದೆವು. ಕನ್ನಡದಲ್ಲಿ ಪೂರ್ತಿ ಸತ್ಯವೇದ ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಆಮೇಲೆ ಅದು ಹಲವು ಕೈಗಳಲ್ಲಿ ತಿದ್ದುಪಡಿಯಾಗಿದೆ. ಈ ಶಬ್ದವನ್ನು ಆರಿಸಿದವರು ಯಾರೇ ಇರಲಿ, ಅವರಿಗೆ ನನ್ನದೊಂದು ನಮಸ್ಕಾರ. ಯಾಕೆಂದರೆ ಆಶೆ ಎನ್ನುವುದು ಒಳಗಿನ ಬಯಕೆ. ನಿರೀಕ್ಷೆಯಲ್ಲಿ ಕಣ್ಣಿದೆ, ಕಾಯುವುದಿದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ರಸ್ತೆಯ ಕೊನೆಯನ್ನು ನೋಡುತ್ತಾನಲ್ಲ, ಅದು ನಿರೀಕ್ಷೆ. ಬಸ್ಸು ಬಂದಿಲ್ಲ ಎಂಬುದನ್ನು ಒಪ್ಪಿಕೊಂಡವನು ಮಾತ್ರ ಕಾಯಬಲ್ಲ. ಬಂದೇಬಿಟ್ಟಿದೆ ಎಂದು ಹಾಡುವವನಿಗೆ ಕಾಯುವ ಕೆಲಸವೇ ಇಲ್ಲ. ಇನ್ನು ಇಬ್ರಿಯ ಭಾಷೆಯಲ್ಲಿ ಇದಕ್ಕಿರುವ ಶಬ್ದ ತಿಕ್ವಾ. ಯೆಹೋಶುವನ ಪುಸ್ತಕದಲ್ಲಿ ಯೆರಿಕೋ ಊರಿನ ರಾಹಾಬಳು ತನ್ನ ಮನೆ ಉಳಿಯಲೆಂದು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಇದೇ ಶಬ್ದವಿದೆ. ಹೊರಗೆ ಊರು ಬೀಳುತ್ತಿದೆ, ಇವಳು ದಾರ ಕಟ್ಟಿ ಒಳಗೆ ಕೂತಿದ್ದಾಳೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದೂ ಒಂದು ಪ್ರಸಂಗವಾದೀತು. ಹಾಗಾಗಿ ಒಬ್ಬ ಮನುಷ್ಯರನ್ನು ತೋರಿಸುತ್ತೇನೆ. ದೂರದವರಲ್ಲ. ಹುಟ್ಟಿದ್ದು ಕರ್ನಾಟಕದಲ್ಲಿ, ಬಾಳಿದ್ದು ಪುಣೆಯಲ್ಲಿ, ಅಂದರೆ ನಮ್ಮ ಹಾಗೆಯೇ.

ಪಂಡಿತಾ ರಮಾಬಾಯಿ ಎಂದರೆ ಮರಾಠಿ ಜನ ತಮ್ಮವರು ಅನ್ನುತ್ತಾರೆ, ಅದು ಸರಿ. ಆದರೆ ಅವರು 1858ರ ಏಪ್ರಿಲ್ 23ರಂದು ಹುಟ್ಟಿದ್ದು ನಮ್ಮ ಗಂಗಾಮೂಲದಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಕುದುರೆಮುಖದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಬ್ರಾಹ್ಮಣರು. ಹೆಂಡತಿಗೆ ಸಂಸ್ಕೃತ ಕಲಿಸಲು ಹೋಗಿ ಊರಿನವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಅಲ್ಲಿ ಓದುವ ಹುಡುಗರಿಗೂ ಬಂದ ಯಾತ್ರಿಕರಿಗೂ ಊಟ ಹಾಕಿ ಹಾಕಿ ಸಾಲವಾಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಸಮೇತ ಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಹದಿನಾರು ವರ್ಷ ಬರೀ ದಾರಿ. ಪುರಾಣ ಹೇಳುವುದು, ಜನ ಕೊಟ್ಟಿದ್ದರಲ್ಲಿ ಬದುಕುವುದು. ತಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. ಮರಾಠಿಯ ಜೊತೆ ಕನ್ನಡವೂ ರಮಾಬಾಯಿಗೆ ಬರುತ್ತಿತ್ತು.

ಆಮೇಲೆ ಮದ್ರಾಸ್ ಪ್ರಾಂತ್ಯದ ಬರ. ಕೈಯಲ್ಲಿದ್ದದ್ದೆಲ್ಲ ಮಾರಿ ಆಯಿತು. ಬೇಡಲು ಮರ್ಯಾದೆ ಅಡ್ಡ, ಕೂಲಿ ಮಾಡಲು ಗೊತ್ತಿಲ್ಲ. ಕಾಡಿನ ಸೊಪ್ಪು, ಹಣ್ಣು ತಿಂದು ದಿನ ತಳ್ಳಿದರು. 1874ರಲ್ಲಿ ತಂದೆ ಹೋದರು, ಅದರ ಹಿಂದೆ ತಾಯಿ, ಅದರ ಹಿಂದೆ ಅಕ್ಕ. ತಾಯಿ ತೀರಿದಾಗ ಶವ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಬಂದರು, ಅಣ್ಣ ಶ್ರೀನಿವಾಸ ಮೂರನೆಯವ, ನಾಲ್ಕನೆಯ ಹೆಗಲು ರಮಾಬಾಯಿಯದು. ಕುಳ್ಳಗಿದ್ದುದರಿಂದ ಹೆಗಲಿಗೆ ನಿಲುಕಲಿಲ್ಲ, ಚಟ್ಟವನ್ನು ತಲೆಯ ಮೇಲೆ ಹೊತ್ತರು. ಹಾಗೆ ಮೂರು ಮೈಲಿ. ಮುಂದೆ ಅಣ್ಣ ತಂಗಿ ನಡೆಯುತ್ತ ಪಂಜಾಬಿನವರೆಗೆ ಹೋದರು. ಝೇಲಂ ನದಿಯ ದಂಡೆಯಲ್ಲಿ ಚಳಿಗೆ ಹೊದೆಯಲು ಬಟ್ಟೆ ಇಲ್ಲದೆ, ಉಸುಕಿನಲ್ಲಿ ಗೋರಿಯಂಥ ಎರಡು ಗುಂಡಿ ತೋಡಿ, ಅದರೊಳಗಿಳಿದು ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣ ಉಸುಕು ಎಳೆದುಕೊಂಡು ರಾತ್ರಿ ಕಳೆದರು. ಇವನ್ನೆಲ್ಲ ಅವರೇ 1907ರಲ್ಲಿ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಬರೆದಿದ್ದಾರೆ. ಬರೆದ ರೀತಿ ಹೇಗಿದೆ ಅಂದರೆ, ಅಳು ಬರಿಸಬೇಕೆಂಬ ಹವಣಿಕೆ ಎಲ್ಲೂ ಇಲ್ಲ. ಮನೆ ಖರ್ಚಿನ ಲೆಕ್ಕ ಬರೆದ ಹಾಗೆ ಬರೆದಿದ್ದಾರೆ.

1878ರಲ್ಲಿ ಕಲ್ಕತ್ತಾ ಸೇರಿದಾಗ ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿ ಬಿಟ್ಟು ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡನೂ ಹೋದರು. ಆಗ ರಮಾಬಾಯಿಗೆ 23 ವರ್ಷ, ಮಗಳು ಮನೋರಮಾಗೆ ಇನ್ನೂ ಒಂದು ತುಂಬಿಲ್ಲ. ಆ ವರ್ಷವೇ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು.

ನಮ್ಮ ಪ್ರಸಂಗಗಳಲ್ಲಿ ಇಲ್ಲಿಂದ ಮುಂದೆ ಕಥೆ ಸಲೀಸು. ಕಷ್ಟಪಟ್ಟರು, ಇಂಗ್ಲೆಂಡಿಗೆ ಹೋದರು, ರಕ್ಷಣೆ ಹೊಂದಿದರು, ಆಶೀರ್ವಾದ ಸುರಿಯಿತು. ನಡೆದದ್ದು ಹಾಗಲ್ಲ. ಡಾಕ್ಟರಿಕೆ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿನ ವಾಂಟೇಜಿಗೆ ಹೋದರು. ಕಿವಿ ಕೇಳಿಸದೆ ಹೋಗಿ ಆ ಓದು ಕೈತಪ್ಪಿತು. ಜೊತೆಗೆ ಹೋಗಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಆ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳ ಜೊತೆ ದೀಕ್ಷಾಸ್ನಾನ ತೆಗೆದುಕೊಂಡರು. ಆದ ಕೂಡಲೇ ತಲೆಬಾಗಿ ಕೂತರೋ? ಇಲ್ಲ. ತಮ್ಮನ್ನು ಮಗಳಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರಗಳ ಮೇಲೆ ಪತ್ರ ಬರೆದು ವಾದ ಮಾಡಿದರು. ತ್ರಿಯೇಕತ್ವದ ಬಗ್ಗೆ ಪ್ರಶ್ನೆ ಕೇಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕೆ ಬೇಡ ಅಂತ ಕೇಳಿದರು. ಸಿಸ್ಟರಿಗೆ ಇದು ಅಹಂಕಾರದಂತೆ ಕಂಡಿತು. ನನಗೆ ಇದೇ ಅವರ ನಂಬಿಕೆಯ ಮೂಳೆ ಅನಿಸುತ್ತದೆ. ಬಡತನದಲ್ಲಿ, ವಿಧವೆತನದಲ್ಲಿ, ಪರರ ಮನೆಯ ಅನ್ನ ತಿನ್ನುತ್ತಿರುವಾಗಲೂ, ನನಗೆ ಒಪ್ಪಿಗೆಯಾಗದ್ದನ್ನು ಒಪ್ಪಿದೆ ಅನ್ನುವುದಿಲ್ಲ ಅಂತ ನಿಂತರಲ್ಲ. ಇನ್ನೂ ಒಂದು ಮಾತು. ದೀಕ್ಷಾಸ್ನಾನವಾಗಿ ಎಂಟು ವರ್ಷ ಆಗುವ ತನಕ ತನಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಎಂಬರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಎಂಟು ವರ್ಷ! ಆತ್ಮಿಕ ಬೆಳವಣಿಗೆ ಅಂತ ನಾವು ಮೂರು ದಿನದ ಶಿಬಿರ ಮಾಡುತ್ತೇವೆ, ಮೂರನೇ ದಿನ ಸಂಜೆ ಸರ್ಟಿಫಿಕೇಟು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. 1893ರಲ್ಲಿ ದೊಡ್ಡ ಗದ್ದಲವಾಯಿತು. ಹುಡುಗಿಯರು ಪ್ರಾರ್ಥನೆಗೆ ಬಂದು ಕೂಡುತ್ತಾರೆ, ಮತಾಂತರ ನಡೆದಿದೆ ಅಂತ ಕೇಸರಿ ಪತ್ರಿಕೆ ಬರೆಯಿತು. ರಾನಡೆ, ಭಂಡಾರಕರರಂಥ ಬೆಂಬಲಿಗರೇ ಸಲಹಾ ಮಂಡಳಿ ಬಿಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಕರಕೊಂಡು ಹೋದರು. ಈ ವಿಷಯದಲ್ಲಿ ಎರಡೂ ಕಡೆ ಮಾತಿದೆ ಎಂದು ನನ್ನ ಅಭಿಪ್ರಾಯ. ಧರ್ಮದ ತಂಟೆ ಇಲ್ಲದ ಶಾಲೆ ಎಂದು ನಂಬಿ ಸಹಾಯ ಮಾಡಿದವರಿಗೆ ಬೇಸರವಾದದ್ದು ಸಹಜ. ಹಾಗೆಯೇ, ತನ್ನ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸಿದ ತಾಯಿಯ ಹತ್ತಿರ ಮಕ್ಕಳು ಬಂದು ಕೂತರೆ ಅವರನ್ನು ಎಬ್ಬಿಸಿ ಕಳಿಸುವುದಿಲ್ಲ ಎಂಬ ರಮಾಬಾಯಿಯ ಹಟವೂ ಸಹಜ. ತಲೆ ಬೋಳಿಸಿದ ಹನ್ನೆರಡರ ಹುಡುಗಿಗೆ ಪುಣೆಯಲ್ಲಿ ಆಗ ಬೇರೆ ಯಾವ ಮನೆಯ ಬಾಗಿಲು ತೆರೆದಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಮರೆಯಬಾರದು. ಕರ್ವೆಯವರ ಆಶ್ರಮ ಶುರುವಾದದ್ದು 1896ರಲ್ಲಿ, ಮತ್ತು ಅವರು ಮದುವೆಯಾದ ಗೋದೂಬಾಯಿ ಶಾರದಾ ಸದನದಲ್ಲೇ ಓದಿದ ವಿಧವೆ.

ಈಗ ತೋಟದ ವಿಷಯ. ಅಮೆರಿಕದ ಬಾಸ್ಟನ್ನಿನ ಬೆಂಬಲಿಗರು ಹಣ ಕೊಡುವುದಾಗಿ ಮಾತು ಕೊಟ್ಟಿದ್ದು ಹತ್ತು ವರ್ಷಕ್ಕೆ ಮಾತ್ರ. ಅದು ಮುಗಿದಮೇಲೆ ಏನು? ರಮಾಬಾಯಿ ಪುಣೆಯಿಂದ ಸೋಲಾಪುರದ ದಿಕ್ಕಿಗೆ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಬರಡು ಜಮೀನು ಕೊಂಡರು. ಬಾವಿ ತೋಡಿಸಿ ಹಣ್ಣಿನ ಗಿಡ ಹಾಕಿಸಿದರು. ಹಣ್ಣು ಮಾರಿ ಸದನ ನಡೆಸುವ ಯೋಜನೆ. ನನಗಿದು ಓದಿದಾಗಲೆಲ್ಲ ಯೆರೆಮೀಯನೇ ನೆನಪಾಗುತ್ತಾನೆ. ಯೆರೂಸಲೇಮಿನ ಗೋಡೆಯಾಚೆ ಶತ್ರುಸೈನ್ಯ, ಆತ ಸ್ವತಃ ಅರಮನೆಯ ಸೆರೆಯಲ್ಲಿ. ಆ ಹೊತ್ತಿನಲ್ಲಿ ಅನಾತೋತಿನ ಒಂದು ಹೊಲವನ್ನು 17 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡು, ಸಾಕ್ಷಿಗಳ ಸಹಿ ಹಾಕಿಸಿ, ಪತ್ರವನ್ನು ಮಣ್ಣಿನ ಗಡಿಗೆಯಲ್ಲಿಡಿಸಿದ. ವ್ಯವಹಾರ ಬಲ್ಲ ಯಾರೂ ಮಾಡುವ ಖರೀದಿಯಲ್ಲ. ನಿರೀಕ್ಷೆಗೆ ಸಬ್‌ರಜಿಸ್ಟ್ರಾರ್ ಆಫೀಸಿನ ಕಾಗದವೂ ಇರುತ್ತದೆ ಎಂಬುದನ್ನು ನಮಗೆ ಯಾರೂ ಬೋಧಿಸುವುದಿಲ್ಲ.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿ ಹೋಗಿ ನೋಡಿದರು. ತನ್ನ ಹದಿನಾರನೇ ವಯಸ್ಸು ಅಲ್ಲಿ ರಸ್ತೆಬದಿಯಲ್ಲಿ ಕೂತಿತ್ತು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಕೂಡದೆಂದು ಅಧಿಕಾರಿಗಳ ಅಪ್ಪಣೆಯಾಯಿತು. ಆಗ ಒದಗಿದ್ದು ಕೇಡಗಾಂವದ ಆ ತೋಟ. ಮುಕ್ತಿ ಸದನ ಬೆಳೆದದ್ದು ಹಾಗೆ. ಅದೇ 1897ರಲ್ಲಿ, ಪ್ಲೇಗು ಆಸ್ಪತ್ರೆಯಲ್ಲಿ ತಮ್ಮ ಹುಡುಗಿಯರನ್ನು ನಡೆಸಿಕೊಂಡ ರೀತಿಯ ವಿರುದ್ಧ ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಕಟುವಾಗಿ ಬರೆದರು. ಅದು ಬ್ರಿಟಿಷ್ ಸಂಸತ್ತಿನ ತನಕ ಹೋಯಿತು. ಕ್ರೈಸ್ತರಾದ ಮೇಲೆ ಸರಕಾರದ ವಿರುದ್ಧ ಬಾಯಿಮುಚ್ಚಿಕೊಂಡಿರಬೇಕು, ಕಷ್ಟ ಬಂದರೆ ಮೊಣಕಾಲೂರಿದರೆ ಸಾಕು ಅನ್ನುವವರು ಇದನ್ನು ಗಮನಿಸಬೇಕು. 1900ರಲ್ಲಿ ಗುಜರಾತಿನ ಬರದಿಂದಲೂ ಜನ ಬಂದು ಸೇರಿ, ಮುಕ್ತಿಯ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಅಷ್ಟು ಜನಕ್ಕೆ ಅನ್ನ, ಬಟ್ಟೆ, ಅಕ್ಷರ. ಮಗ್ಗ, ಎಣ್ಣೆಗಾಣ, ಹೈನು, ಅಡಿಗೆ, ಹೊಲಿಗೆ, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸಿದರು. 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನ ಆಯಿತು, ಹುಡುಗಿಯರು ಗಂಟೆಗಟ್ಟಲೆ ಅತ್ತು ಪ್ರಾರ್ಥಿಸಿದರು ಎಂದು ಇವತ್ತಿಗೂ ಪೆಂತೆಕೋಸ್ತಿನ ಸಭೆಗಳಲ್ಲಿ ಹೇಳುತ್ತಾರೆ. ಆಗಿರಬಹುದು, ಅದನ್ನು ಹಳಿಯುವವನು ನಾನಲ್ಲ. ಆದರೆ ಹೇಳುವವರು ಎಣ್ಣೆಗಾಣದ ಸುದ್ದಿ ಯಾಕೆ ಎತ್ತುವುದಿಲ್ಲ ಎಂಬುದು ನನ್ನ ಪ್ರಶ್ನೆ. ಬರದಲ್ಲಿ ಎಲುಬಾಗಿ ಬಂದ ಹುಡುಗಿ ಐದು ವರ್ಷದಲ್ಲಿ ಅಚ್ಚುಮೊಳೆ ಜೋಡಿಸಲು ಕಲಿತಳು ಎಂಬುದೂ ಆತ್ಮಿಕ ಬೆಳವಣಿಗೆಯೇ ತಾನೆ?

ಮಗಳು ಮನೋರಮಾ ತಾಯಿಯ ಬಲಗೈಯಾಗಿ ಬೆಳೆದರು. ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್ ಕಲಿಸಿದವರು ಅವರು. ಕಲಬುರಗಿಯವರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಆಗಿನ ನಿಜಾಮ ಸೀಮೆಯ ಗುಲ್ಬರ್ಗಾದಲ್ಲಿ 1912ರ ಸುಮಾರಿಗೆ ತಾಯಿ ಮಗಳು ಸೇರಿ ಹೆಣ್ಣುಮಕ್ಕಳ ಶಾಲೆ ತೆರೆದರು, ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದರು. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟದ್ದು ಹೀಗೆ ಸುತ್ತಿ ಬಳಸಿ ಕನ್ನಡ ಸೀಮೆಗೆ ಶಾಲೆಯಾಗಿ ಬಂತು.

ಆ ಹೊತ್ತಿಗೆ ರಮಾಬಾಯಿ ಇನ್ನೊಂದು ಕೆಲಸ ಹಿಡಿದಿದ್ದರು. ಆಗಿದ್ದ ಮರಾಠಿ ಸತ್ಯವೇದ ಓದುಬರಹ ಕಡಿಮೆಯಿದ್ದ ಹೆಂಗಸರಿಗೆ ಅರ್ಥವಾಗುವುದಿಲ್ಲ ಅಂತ, ಇಬ್ರಿಯ ಮತ್ತು ಗ್ರೀಕ್ ಕಲಿತು, ತಾವೇ ಸರಳ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಅನುವಾದಿಸಲು ಕೂತಿದ್ದರು. ಸುಲಭದ ಕೆಲಸವಲ್ಲ, ವರ್ಷಗಟ್ಟಲೆ ಹಿಡಿಯಿತು. 1921ರ ಜುಲೈ 24ರಂದು ಮನೋರಮಾ ತೀರಿಕೊಂಡರು, ಆಕೆಗೆ ನಲವತ್ತು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಆದಮೇಲೆ ಈಗ ಮಗಳು. ಇದಕ್ಕೆ ಯಾವ ಕಾರ್ಡು ಎತ್ತಿಕೊಡುತ್ತೀರಿ? ರಮಾಬಾಯಿ ಅನುವಾದದ ಹಾಳೆಗಳಿಗೆ ಮರಳಿದರು. ಅದನ್ನು ಮುಗಿಸಿದರು. 1922ರ ಏಪ್ರಿಲ್ 5ರಂದು ತೀರಿಕೊಂಡರು. ಅವರ ಸತ್ಯವೇದ ಮುಕ್ತಿಯ ಅಚ್ಚುಕೂಟದಿಂದ ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ.

ಇದನ್ನೆಲ್ಲ ಓದಿ, ಅವರು ಮಹಾತ್ಮರು, ನಮ್ಮಿಂದ ಆಗುವುದಲ್ಲ ಅನ್ನಬಹುದು. ಆದರೆ ನಾನು ಎರಡು ಸಾವಿರ ಜನಕ್ಕೆ ಅನ್ನ ಹಾಕಿ ಅನ್ನುತ್ತಿಲ್ಲ. ದುಃಖದಲ್ಲಿರುವವರ ಬಾಯಿ ಮುಚ್ಚಿಸಬೇಡಿ ಅನ್ನುತ್ತಿದ್ದೇನೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನವು. ಪ್ರಲಾಪಗಳು ಅಂತ ಒಂದು ಇಡೀ ಪುಸ್ತಕವೇ ಇದೆ. ನಮ್ಮ ಭಾನುವಾರಗಳಲ್ಲಿ ಇವನ್ನು ಓದುವುದು ಎಷ್ಟು ಸಲ? ಬರೀ ಸ್ತೋತ್ರ, ಬರೀ ಜಯಗೀತ. ಕೆಲಸ ಹೋದ ಹುಡುಗ ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಅವನಿಗೆ ಅಲ್ಲಿ ಜಾಗವಿಲ್ಲ ಅಂತ ಅನಿಸಿದ ದಿನ ಬರುವುದು ಬಿಡುತ್ತಾನೆ. ನಾವು ಹಿಂದೆ ಬಿದ್ದವನು ಅಂತ ಹೆಸರಿಡುತ್ತೇವೆ.

ಇನ್ನು ನೀವಿರುವ ಊರಿನ ಕ್ಷೇಮ ಎಂಬ ಮಾತು. 2019ರ ಜೂನ್ 29ರ ನಸುಕಿನಲ್ಲಿ ಇಲ್ಲೇ ಕೊಂಢವಾದ ತಾಲಾಬ್ ಮಸೀದಿಯ ಹತ್ತಿರ ಮಳೆಗೆ ಒಂದು ಸೊಸೈಟಿಯ ಕಾಂಪೌಂಡ್ ಗೋಡೆ ಕುಸಿದು, ಕೆಳಗೆ ತಗಡಿನ ಶೆಡ್ಡಿನಲ್ಲಿ ಮಲಗಿದ್ದ 15 ಜನ ಸತ್ತರು. ಹೆಚ್ಚಿನವರು ಬಿಹಾರದಿಂದ ಕಟ್ಟಡದ ಕೆಲಸಕ್ಕೆ ಬಂದವರು, ಮಕ್ಕಳೂ ಇದ್ದರು. ಅವರೂ ಎರಡು ವರ್ಷ ದುಡಿದು ಊರಿಗೆ ಹೋಗೋಣ ಎಂದೇ ಬಂದಿರುತ್ತಾರೆ. ಕೊರೋನಾದ ದಿನಗಳಲ್ಲಿ ಪುಣೆಯ ಮುಸ್ಲಿಂ ಸ್ವಯಂಸೇವಕರ ತಂಡಗಳು ಜಾತಿ ಧರ್ಮ ನೋಡದೆ, ಮನೆಯವರೇ ಮುಟ್ಟದ ಶವಗಳಿಗೆ ಅವರವರ ಪದ್ಧತಿಯಂತೆ ಅಂತ್ಯಕ್ರಿಯೆ ಮಾಡಿದವು. ಶವಕ್ಕೆ ನಾಲ್ಕನೇ ಹೆಗಲು ಸಿಗದ ಕಷ್ಟ ಏನೆಂದು ರಮಾಬಾಯಿಗೆ ಗೊತ್ತಿತ್ತು. ನಮ್ಮ ಸಭೆಗಳು ಆಗ ಏನು ಮಾಡಿದವು? ಕೆಲವರು ರೇಷನ್ ಕಿಟ್ ಹಂಚಿದರು, ಒಳ್ಳೆಯದೇ. ಹೆಚ್ಚಿನವರು ಪ್ರಾರ್ಥನೆಯ ಲಿಂಕು ಹಂಚಿದರು.

ಕೊನೆಯದಾಗಿ ಭಾಷೆಯ ಮಾತು, ಯಾಕೆಂದರೆ ನಾವು ಪರದೇಶದಲ್ಲಿದ್ದೇವೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ, ಪಕ್ಕದ ಮನೆಯವರ ಜೊತೆ ಮರಾಠಿ, ಹಿಂದಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಸಾವಿನ ಮನೆಯಲ್ಲಿ ಕೂತ ಅರವತ್ತೈದರ ಅಜ್ಜಿಗೆ ಇಂಗ್ಲಿಷಿನ ಸಾಂತ್ವನ ಬಟ್ಟೆಯಂಗಡಿಯ ಬೊಂಬೆಗೆ ಉಡಿಸಿದ ಸೀರೆಯಂತೆ. ರಮಾಬಾಯಿ ಅಡಿಗೆಮನೆಯ ಹೆಂಗಸರಿಗೆ ತಿಳಿಯುವ ಮರಾಠಿ ಬೇಕೆಂದು ಎರಡು ಹಳೇ ಭಾಷೆ ಕಲಿತರು. ನಾವು ಹೊಸದೇನೂ ಕಲಿಯಬೇಕಾಗಿಲ್ಲ. ಹೋಗಿ ಕೂತು, "ಏನವ್ವಾ, ಊಟ ಮಾಡಿದ್ಯಾ?" ಅಂತ ಕೇಳಿ, ಆಕೆ ಅಳುವ ತನಕ ಸುಮ್ಮನಿದ್ದು, ಆಮೇಲೆ ಒಂದು ಗೋಳಿನ ಕೀರ್ತನೆಯನ್ನು ಕನ್ನಡದಲ್ಲಿ ನಿಧಾನವಾಗಿ ಓದಿದರೆ ಸಾಕು. ಆ ಅಕ್ಕನ ಮನೆಯಲ್ಲಿ ಹಾಗೆ ಒಂದು ಬುಧವಾರ ಸಂಜೆ ಮೂರು ನಾಲ್ಕು ಹೆಂಗಸರು 88ನೆಯದನ್ನು ಓದಿದರು. ಓದಿ ಮುಗಿದ ಮೇಲೆ ಆಕೆ, ಇದು ಸತ್ಯವೇದದಾಗ ಐತೇನು, ಮೊದಲ ಯಾಕ ಯಾರೂ ಹೇಳ್ಲಿಲ್ಲ ಅಂತ ಕೇಳಿದಳಂತೆ. ಈಗಲೂ ಪ್ರತಿ ಬುಧವಾರ ಕೂಡುತ್ತಾರೆ, ಚಹಾ ಆಕೆಯದು.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಯ ಕಡೆ ಹೋಗುವವರು ದೌಂಡ್ ಬರುವುದಕ್ಕೆ ಮೊದಲು ಕೇಡಗಾಂವ ದಾಟುತ್ತೀರಿ, ಗಮನಿಸದಿದ್ದರೆ ತಪ್ಪಿಹೋಗುವ ಸಣ್ಣ ಸ್ಟೇಷನ್. ಪುಣೆ–ದೌಂಡ್ ಪ್ಯಾಸೆಂಜರ್ ಅಲ್ಲಿ ನಿಲ್ಲುತ್ತದೆ. ಮುಕ್ತಿ ಮಿಷನ್ ಈಗಲೂ ಇದೆ.